ಅಂಪೈರ್ಸ್ ಕಾಲ್ ಇರಲಿ ಬಿಡು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ‘ಚೆಂಡು ಸ್ಟಂಪಿಗೆ ತಾಗುತ್ತೆ ಅಂತ ಮಷೀನೇ ತೋರಿಸ್ತಿದೆ, ಆದ್ರೂ ನಾಟೌಟ್ ಅಂದ್ರೆ ಏನೋ ಅರ್ಥ? ಈ ಅಂಪೈರ್ಸ್ ಕಾಲ್ ಅನ್ನೋದನ್ನ ಮೊದಲು ಕಿತ್ತು ಬಿಸಾಕ್ಬೇಕು’ ಅಂತ ಬರೆದಿದ್ದೀಯಲ್ಲ, ಅದಕ್ಕೆ ಎರಡು ಸಾಲಿನ ಉತ್ತರ ಸಾಲದು ಅನ್ನಿಸಿತು. ಎಲ್‌ಬಿಡಬ್ಲ್ಯೂ, ಅಂದರೆ ಪ್ಯಾಡು ಅಡ್ಡ ಬರದಿದ್ದರೆ ಚೆಂಡು ಸ್ಟಂಪಿಗೆ ತಾಗುತ್ತಿತ್ತು ಅಂತ ಕೊಡುವ ಔಟ್; ಅದರಲ್ಲಿ ಚೆಂಡು ಅಂಚನ್ನಷ್ಟೇ ಸವರುವಂತಿದ್ದರೆ ಮೈದಾನದ ಅಂಪೈರ್ ಮಾತೇ ಉಳಿಯುವುದಕ್ಕೆ ತಾನೇ ಅಂಪೈರ್ಸ್ ಕಾಲ್ ಅನ್ನುವುದು. ಈ ಮಾತು ಹೇಳುವವನು ನೀನೊಬ್ಬನೇ ಅಲ್ಲ. ತೆಂಡೂಲ್ಕರ್ ಇದನ್ನೇ ಹೇಳಿದ್ದಾರೆ. ಕೊಹ್ಲಿಯೂ 2021ರಲ್ಲಿ ಇದನ್ನೇ ಹೇಳಿದರು: ತಾಗುತ್ತಿದ್ದರೆ ಔಟ್, ಎಷ್ಟು ತಾಗುತ್ತದೆ ಅನ್ನುವ ಲೆಕ್ಕ ಯಾಕೆ ಅಂತ. ಸಾವಿರಾರು ಚೆಂಡು ಎದುರಿಸಿದವರ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು. ಆದರೂ ಈ ವಿಷಯದಲ್ಲಿ ನಾನು ಅವರ ಕಡೆಗಿಲ್ಲ, ನಿನ್ನ ಕಡೆಗೂ ಇಲ್ಲ. ಯಾಕೆ ಅಂತ ಹೇಳುತ್ತೇನೆ, ಉದ್ದವಾದರೂ ಪೂರ್ತಿ ಓದು.

ನಿನ್ನನ್ನು ಕೆರಳಿಸಿದ ಆ ಚಿತ್ರದಿಂದಲೇ ಶುರು ಮಾಡೋಣ. ಪರದೆಯ ಮೇಲೆ ಚೆಂಡು ಪಿಚ್ ಆಗುತ್ತದೆ, ಪ್ಯಾಡಿಗೆ ಬಡಿಯುತ್ತದೆ, ಪ್ಯಾಡನ್ನು ತೂರಿಕೊಂಡು ಹೋಗಿ ಸ್ಟಂಪಿನ ಅಂಚನ್ನು ಮುಟ್ಟುತ್ತದೆ. ನೋಡುವವರಿಗೆ ಅದು ಒಂದೇ ಗೆರೆ. ಆದರೆ ಅದರಲ್ಲಿ ಎರಡು ಭಾಗ ಇದೆ. ಬೌಲರ್ ಕೈಯಿಂದ ಪ್ಯಾಡಿನವರೆಗಿನದು ಕ್ಯಾಮೆರಾಗಳು ಕಣ್ಣಾರೆ ಕಂಡದ್ದು. ಮೈದಾನದ ಸುತ್ತ ಎತ್ತರದಲ್ಲಿ ಕೂರಿಸಿದ ವೇಗದ ಕ್ಯಾಮೆರಾಗಳು ಸೆಕೆಂಡಿಗೆ ನೂರಾರು ಚಿತ್ರ ತೆಗೆಯುತ್ತವೆ. ಬೇರೆ ಬೇರೆ ಕೋನದ ಆ ಚಿತ್ರಗಳನ್ನು ಕೂಡಿಸಿ, ಆಯಾ ಕ್ಷಣದಲ್ಲಿ ಚೆಂಡು ಎಲ್ಲಿತ್ತು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಪ್ಯಾಡಿನಿಂದ ಸ್ಟಂಪಿನವರೆಗಿನ ಗೆರೆಯನ್ನು ಮಾತ್ರ ಯಾವ ಕ್ಯಾಮೆರಾವೂ ಕಂಡಿಲ್ಲ, ಯಾಕೆಂದರೆ ಚೆಂಡು ಅಲ್ಲಿಗೆ ಹೋಗಲೇ ಇಲ್ಲ. ಅದು ಊಹೆ. ನಿನಗೂ ನನಗೂ ಸಾಧ್ಯವಾಗದಷ್ಟು ಒಳ್ಳೆಯ ಊಹೆ, ಆದರೂ ಊಹೆ.

ಒಂದು ಲೆಕ್ಕ ಮಾಡಿ ನೋಡು. ಬ್ಯಾಟ್ಸ್‌ಮನ್ ಮುಂದಕ್ಕೆ ಉದ್ದನೆಯ ಹೆಜ್ಜೆ ಇಟ್ಟಿದ್ದಾನೆ, ಪ್ಯಾಡಿಗೂ ಸ್ಟಂಪಿಗೂ ಎರಡೂವರೆ ಮೀಟರ್ ಅಂತರ ಇದೆ ಅಂದುಕೋ. ಪಿಚ್ ಆದ ಮೇಲೆ ಚೆಂಡು ಹಿಡಿದ ದಿಕ್ಕನ್ನು ಅಳೆಯುವಾಗ ಅರ್ಧ ಡಿಗ್ರಿ ಆಚೀಚೆ ಆದರೆ, ಸ್ಟಂಪಿನ ಹತ್ತಿರ ಬರುವಷ್ಟರಲ್ಲಿ ಅದು ಎರಡು ಸೆಂಟಿಮೀಟರ್ ದಾಟುತ್ತದೆ. ಚೆಂಡಿನ ಅಡ್ಡಳತೆ ಏಳು ಸೆಂಟಿಮೀಟರಿಗಿಂತ ತುಸು ಹೆಚ್ಚು, ಮೂರು ಸ್ಟಂಪಿನ ಒಟ್ಟು ಅಗಲ 22.86 ಸೆಂಟಿಮೀಟರ್. ಯಂತ್ರ ಪ್ರತಿ ಸಲ ಅಷ್ಟು ತಪ್ಪುತ್ತದೆ ಅಂತ ನಾನು ಹೇಳುತ್ತಿಲ್ಲ. ಸಣ್ಣ ಅಳತೆ ದೂರ ಹೋದಂತೆ ಹೇಗೆ ದೊಡ್ಡದಾಗುತ್ತದೆ ಅಂತ ತೋರಿಸಿದೆ ಅಷ್ಟೆ. ಇನ್ನು ಚೆಂಡು ಪ್ಯಾಡಿನ ಹತ್ತಿರವೇ ನೆಲಕ್ಕೆ ಬಿದ್ದಿದ್ದರೆ, ಪುಟಿದ ಮೇಲಿನ ದಿಕ್ಕನ್ನು ತಿಳಿಯಲು ಸಿಗುವುದು ಬೆರಳೆಣಿಕೆಯ ಚಿತ್ರಗಳು. ಎಷ್ಟು ತಿರುಗಿತು, ಎಷ್ಟು ಎದ್ದಿತು ಎಲ್ಲವನ್ನೂ ಅವುಗಳಿಂದಲೇ ಹೇಳಬೇಕು.

ಅದಕ್ಕೇ ಅರ್ಧ ಚೆಂಡಿನ ನಿಯಮ ಬಂದದ್ದು. ಚೆಂಡಿನ ಅರ್ಧಕ್ಕಿಂತ ಹೆಚ್ಚು ಭಾಗ ವಿಕೆಟ್ಟಿನ ಚೌಕಟ್ಟಿನೊಳಗೆ ತಾಗುವಂತಿದ್ದರೆ ಯಂತ್ರದ ಮಾತು ನಡೆಯುತ್ತದೆ, ಅಂಪೈರ್ ಏನೇ ಹೇಳಿರಲಿ. ಪೂರ್ತಿ ಹೊರಗೆ ಹೋಗುತ್ತಿದ್ದರೂ ಯಂತ್ರದ ಮಾತೇ. ಅಂಚು ಸವರುವಂತಿದ್ದರೆ ಮಾತ್ರ, ಅಲ್ಲೇ ನಿಂತು ನೋಡಿದ ಮನುಷ್ಯ ಏನು ಹೇಳಿದ್ದನೋ ಅದು ಉಳಿಯುತ್ತದೆ. ‘ಇಲ್ಲಿಂದಾಚೆ ನನಗೆ ಖಚಿತವಿಲ್ಲ’ ಅಂತ ಯಂತ್ರ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ಜಾಗ ಅದು. ನೀನು ಕಿತ್ತು ಹಾಕು ಅನ್ನುತ್ತಿರುವುದು ಆ ಪ್ರಾಮಾಣಿಕತೆಯನ್ನು.

ಒಂದು ಕಡೆ ನಿನ್ನ ವಾದಕ್ಕೆ ತೂಕ ಇದೆ. ಪ್ಯಾಡಿಗೆ ಬಡಿದ ಜಾಗಕ್ಕೂ ಅಂಪೈರ್ಸ್ ಕಾಲ್ ಇದೆ. ಅದು ಕ್ಯಾಮೆರಾ ಕಂಡದ್ದು ತಾನೇ, ಅಲ್ಲಿ ಊಹೆ ಎಲ್ಲಿಂದ ಬಂತು ಅಂತ ನೀನು ಕೇಳಿದರೆ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ. ಎರಡು ಚಿತ್ರಗಳ ನಡುವಿನ ಕ್ಷಣದಲ್ಲಿ ಚೆಂಡು ತಾಗಿರಬಹುದು, ಅಷ್ಟು ಅನುಮಾನಕ್ಕೆ ಜಾಗ ಕೊಡಬಹುದು ಅನ್ನುವುದು ನಿಜ. ಆದರೆ ಅಷ್ಟಕ್ಕೆ ಅರ್ಧ ಚೆಂಡಿನ ವಿನಾಯಿತಿ ಜಾಸ್ತಿಯಾಯಿತು. ಅದನ್ನು ಕಡಿಮೆ ಮಾಡಿದರೆ ನಾನು ಬೇಡ ಅನ್ನುವುದಿಲ್ಲ.

ಈಗ ನಿನಗೆ ತುಂಬಾ ಇಷ್ಟದ ಕುಂಬ್ಳೆಯವರ ಕಡೆಗೆ ಬರುತ್ತೇನೆ. ಅಂಪೈರ್ ತೀರ್ಪನ್ನು ಆಟಗಾರರು ಪ್ರಶ್ನಿಸಿ ಯಂತ್ರದ ಮುಂದಿಡುವ ಈ ರಿವ್ಯೂ ಪದ್ಧತಿಯ ಕಥೆಯಲ್ಲಿ ಅವರಷ್ಟು ಕಡೆ ಕಾಣಿಸಿಕೊಳ್ಳುವ ಇನ್ನೊಬ್ಬ ಆಟಗಾರ ನನಗಂತೂ ಹೊಳೆಯುತ್ತಿಲ್ಲ. 2008ರ ಜನವರಿಯ ಸಿಡ್ನಿ ಟೆಸ್ಟ್ ನೆನಪಿಸಿಕೋ. ಆಸ್ಟ್ರೇಲಿಯಾದ ಸೈಮಂಡ್ಸ್ 30 ರನ್‌ನಲ್ಲಿದ್ದಾಗ ಇಶಾಂತ್ ಎಸೆತ ಬ್ಯಾಟಿಗೆ ತಾಗಿ ಕೀಪರ್ ಕೈ ಸೇರಿತು, ಅಂಪೈರ್ ಬಕ್ನರ್ ನಾಟೌಟ್ ಅಂದರು, ಸೈಮಂಡ್ಸ್ ಅಜೇಯ 162 ಹೊಡೆದರು. ಕೊನೆಯ ದಿನ ದ್ರಾವಿಡ್ ಬ್ಯಾಟಿಗೆ ತಾಗದ ಚೆಂಡಿಗೆ ಕೀಪರ್ ಕ್ಯಾಚ್ ಅಂತ ಔಟಾದರು. ಪಂದ್ಯ ಕೈಬಿಟ್ಟು ಹೋಯಿತು. ಆ ತಂಡದ ನಾಯಕ ಕುಂಬ್ಳೆ. ಮುಂದಿನ ಪರ್ತ್ ಟೆಸ್ಟ್‌ಗೆ ಬಕ್ನರ್ ಬದಲು ಬಿಲ್ಲಿ ಬೌಡನ್ ಬಂದರು, ಅದನ್ನು ಭಾರತ ಗೆದ್ದಿತು. ಆದರೆ ಸಿಡ್ನಿಯ ನೋವು ಇಂದಿಗೂ ಹೋಗಿಲ್ಲ, ನಿನ್ನಲ್ಲೂ ನನ್ನಲ್ಲೂ.

ಅದೇ ವರ್ಷ ಜುಲೈನಲ್ಲಿ ಶ್ರೀಲಂಕಾದಲ್ಲಿ ರಿವ್ಯೂ ಪದ್ಧತಿಯ ಮೊದಲ ಪ್ರಯೋಗ. ಎದುರಾಳಿ ಭಾರತ, ನಾಯಕ ಮತ್ತೆ ಕುಂಬ್ಳೆ. ಸಿಡ್ನಿಯಲ್ಲಿ ಸುಟ್ಟುಕೊಂಡ ತಂಡ ಇದನ್ನು ಎರಡೂ ಕೈಯಿಂದ ಬಾಚಿಕೊಳ್ಳಬೇಕಿತ್ತು. ಆದದ್ದು ಬೇರೆ. ಮೂರು ಟೆಸ್ಟ್‌ಗಳಲ್ಲಿ ಶ್ರೀಲಂಕಾದ 11 ರಿವ್ಯೂ ಫಲಿಸಿದವು, ಭಾರತದ್ದು ಒಂದೇ ಒಂದು. ಅವರ ಸ್ಪಿನ್ನರ್ ಅಜಂತಾ ಮೆಂಡಿಸ್ ಮೊದಲ ಸರಣಿಯಲ್ಲೇ 26 ವಿಕೆಟ್ ಕಿತ್ತರು. ಗಾಲೆಯಲ್ಲಿ ಸೆಹ್ವಾಗ್ ಆರಂಭದಿಂದ ಕೊನೆಯವರೆಗೆ ನಿಂತು ಅಜೇಯ 201 ಹೊಡೆದು ಒಂದು ಟೆಸ್ಟ್ ಗೆಲ್ಲಿಸಿದರು, ಆದರೂ ಸರಣಿ 2-1ರಲ್ಲಿ ಹೋಯಿತು. ತಂತ್ರಜ್ಞಾನ ಎರಡೂ ತಂಡಕ್ಕೆ ಒಂದೇ ಆಗಿತ್ತು. ಯಾವಾಗ ಕೇಳಬೇಕು, ಯಾವಾಗ ಸುಮ್ಮನಿರಬೇಕು ಅನ್ನುವ ವಿದ್ಯೆ ಮಾತ್ರ ಒಂದೇ ಆಗಿರಲಿಲ್ಲ. ಶ್ರೀಲಂಕಾದವರು ಅದನ್ನು ಬೇಗ ಕಲಿತರು.

2009ರ ನವೆಂಬರ್‌ನಲ್ಲಿ ಡ್ಯುನೆಡಿನ್‌ನ ನ್ಯೂಜಿಲೆಂಡ್–ಪಾಕಿಸ್ತಾನ ಟೆಸ್ಟ್‌ನೊಂದಿಗೆ ಪದ್ಧತಿ ಅಧಿಕೃತವಾಗಿ ಜಾರಿಗೆ ಬಂತು. ಭಾರತ ಮಾತ್ರ ವರ್ಷಗಟ್ಟಲೆ ಒಲ್ಲೆ ಅಂತಲೇ ಇತ್ತು. ಪೂರ್ತಿ ಒಪ್ಪಿದ್ದು 2016ರ ನವೆಂಬರ್‌ನಲ್ಲಿ, ರಾಜ್‌ಕೋಟ್‌ನಲ್ಲಿ ಇಂಗ್ಲೆಂಡ್ ಎದುರು. ಆಗ ಭಾರತದ ಕೋಚ್ ಯಾರು ಹೇಳು? ಕುಂಬ್ಳೆ. ಅದಕ್ಕೂ ಮುಂಚಿನಿಂದ ಐಸಿಸಿ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾಗಿ ಈ ತಂತ್ರಜ್ಞಾನದ ಪರೀಕ್ಷೆಗಳನ್ನು ಹತ್ತಿರದಿಂದ ಕಂಡವರೂ ಅವರೇ. 2021ರಲ್ಲಿ ಅಂಪೈರ್ಸ್ ಕಾಲ್ ಇರಬೇಕೋ ಬೇಡವೋ ಅನ್ನುವ ಚರ್ಚೆ ಎದ್ದಾಗ, ಇರಲಿ ಅಂದದ್ದು ಅವರ ಸಮಿತಿಯೇ. ಕಣ್ಣಿಗೆ ರಾಚುವ ತಪ್ಪನ್ನು ತಿದ್ದಬೇಕು, ತೀರ್ಪು ಕೊಡುವವನು ಅಂಪೈರೇ ಆಗಿರಬೇಕು, ಯಂತ್ರದಲ್ಲಿ ಊಹೆಯ ಅಂಶ ಇದೆ ಅನ್ನುವುದನ್ನು ಮರೆಯಬಾರದು ಅನ್ನುವುದು ಅವರು ಕೊಟ್ಟ ಕಾರಣ. ವಿಕೆಟ್ ಚೌಕಟ್ಟಿನ ಮೇಲಂಚನ್ನು ಸ್ಟಂಪಿನ ತುದಿಯವರೆಗೆ ಏರಿಸಿದ್ದೂ ಆಗಲೇ. ಟೆಸ್ಟ್ ಕ್ರಿಕೆಟ್‌ನಲ್ಲಿ 156 ಎಲ್‌ಬಿಡಬ್ಲ್ಯೂ ಪಡೆದ ಬೌಲರ್ ಈ ಮಾತು ಹೇಳುತ್ತಿದ್ದಾರೆ ಅನ್ನುವುದನ್ನು ಯೋಚಿಸು. ಅಂಚು ಸವರಿದ ಚೆಂಡೆಲ್ಲ ಔಟ್ ಅನ್ನುವ ಕಾಲದಲ್ಲಿ ಆಡಿದ್ದರೆ ಯಾರಿಗೆ ಹೆಚ್ಚು ಲಾಭ ಆಗುತ್ತಿತ್ತೋ, ಅದೇ ಮನುಷ್ಯ ಬೇಡ ಅನ್ನುತ್ತಿದ್ದಾರೆ. ನನ್ನ ಮಟ್ಟಿಗೆ ಈ ಸಾಕ್ಷಿಗೆ ಎಲ್ಲಕ್ಕಿಂತ ತೂಕ ಹೆಚ್ಚು.

ಕುಂಬ್ಳೆ ನಿವೃತ್ತರಾದದ್ದು 2008ರ ನವೆಂಬರ್‌ನಲ್ಲಿ. ಅಂದರೆ ರಿವ್ಯೂ ಇದ್ದ ಒಂದೇ ಒಂದು ಸರಣಿ ಅವರಿಗೆ ಸಿಕ್ಕಿದ್ದು. ಅವರ ಕಾಲದ ಬ್ಯಾಟ್ಸ್‌ಮನ್‌ಗಳು ಸ್ಪಿನ್ನರ್ ಎದುರು ಏನು ಮಾಡುತ್ತಿದ್ದರು ನೆನಪಿದೆಯಲ್ಲ? ಎಡಗಾಲನ್ನು ಉದ್ದಕ್ಕೆ ಚಾಚಿ, ಬ್ಯಾಟನ್ನು ಪ್ಯಾಡಿನ ಮಗ್ಗುಲಲ್ಲಿ ಅಡಗಿಸಿ, ಆಡಿದ ಹಾಗೆ ಮಾಡಿ ಪ್ಯಾಡಿನಲ್ಲೇ ತಡೆಯುತ್ತಿದ್ದರು. ಅಷ್ಟು ಮುಂದೆ ಬಡಿದ ಚೆಂಡು ಎಲ್ಲಿಗೆ ಹೋಗುತ್ತಿತ್ತೋ ಯಾರಿಗೆ ಗೊತ್ತು ಅಂತ ಅಂಪೈರ್ ತಲೆ ಅಲ್ಲಾಡಿಸುತ್ತಿದ್ದರು. ಅನುಮಾನದ ಲಾಭ ಬ್ಯಾಟ್ಸ್‌ಮನ್‌ಗೆ ಅನ್ನುವುದು ವೇದವಾಕ್ಯವಾಗಿತ್ತು. ಆಫ್ ಸ್ಟಂಪಿನ ಹೊರಗೆ ತಾಗಿದರಂತೂ, ಶಾಟ್ ಆಡಲು ಯತ್ನಿಸಿದ್ದರೆ ಸಾಕು, ನಿಯಮದ ಪ್ರಕಾರವೇ ಎಲ್‌ಬಿಡಬ್ಲ್ಯೂ ಇಲ್ಲ. ಪ್ಯಾಡು ಎರಡನೇ ಬ್ಯಾಟ್ ಆಗಿಹೋಗಿತ್ತು.

ಚೆಂಡಿನ ದಾರಿಯನ್ನು ಲೆಕ್ಕ ಹಾಕುವ ಈ ಬಾಲ್ ಟ್ರ್ಯಾಕಿಂಗ್ ಬಂದ ಮೇಲೆ ಆ ಚಾಚಿದ ಕಾಲಿಗೆ ಬಡಿದ ಚೆಂಡುಗಳು ಎಷ್ಟೋ ಸಲ ನೇರ ಸ್ಟಂಪಿಗೇ ಹೋಗುತ್ತಿದ್ದವು ಅಂತ ಗೊತ್ತಾಯಿತು. ಅಂಪೈರ್‌ಗಳೂ ಅದನ್ನು ನೋಡಿ ಕಲಿತರು, ಮುಂಚೆ ಕೊಡದ ಔಟ್‌ಗಳನ್ನು ಧೈರ್ಯವಾಗಿ ಕೊಡತೊಡಗಿದರು. 2012ರ ಜನವರಿಯಲ್ಲಿ ಪಾಕಿಸ್ತಾನ ಯುಎಇಯಲ್ಲಿ ಇಂಗ್ಲೆಂಡ್ ಜೊತೆ ಆಡಿದ ಸರಣಿ ಇದಕ್ಕೆ ದೊಡ್ಡ ಸಾಕ್ಷಿ. ಆಗ ಇಂಗ್ಲೆಂಡ್ ಟೆಸ್ಟ್‌ನಲ್ಲಿ ನಂಬರ್ ಒನ್. ದುಬೈನ ಮೊದಲ ಇನಿಂಗ್ಸ್‌ನಲ್ಲೇ ಪಾಕಿಸ್ತಾನದ ಸ್ಪಿನ್ನರ್ ಸಯೀದ್ ಅಜ್ಮಲ್ 55 ರನ್‌ಗೆ 7 ವಿಕೆಟ್ ಕಿತ್ತರು. ಅಬುಧಾಬಿಯಲ್ಲಿ 145 ರನ್ ಬೆನ್ನಟ್ಟಬೇಕಿದ್ದ ಇಂಗ್ಲೆಂಡ್ 72ಕ್ಕೆ ಮುಗಿಯಿತು. ಮೂರು ಟೆಸ್ಟ್‌ಗಳಲ್ಲಿ ಎರಡೂ ಕಡೆ ಸೇರಿ 43 ಎಲ್‌ಬಿಡಬ್ಲ್ಯೂ! ಸರಣಿ 3-0. ಮುಂಗಾಲು ಚಾಚಿ ಪ್ಯಾಡಿನಲ್ಲಿ ತಡೆಯುವ ವಿದ್ಯೆ ಇನ್ನು ನಡೆಯುವುದಿಲ್ಲ ಅಂತ ಜಗತ್ತಿಗೆ ಗೊತ್ತಾದದ್ದು ಅಲ್ಲಿ. ಅಲ್ಲಿಂದೀಚೆಗೆ ಒಳ್ಳೆಯ ಬ್ಯಾಟ್ಸ್‌ಮನ್‌ಗಳು ಬ್ಯಾಟನ್ನು ಪ್ಯಾಡಿಗಿಂತ ಮುಂದೆ ತಂದರು, ಕ್ರೀಸಿನ ಆಳವನ್ನು ಬಳಸಿ ಹಿಂದಕ್ಕೆ ಹೋಗಿ ಆಡಲು ಕಲಿತರು. ಆದ್ದರಿಂದ ಹಳೆಯ ಸ್ಪಿನ್ನರ್‌ಗಳ ಅಂಕಿ ಅಂಶವನ್ನೂ ಇವತ್ತಿನವರದ್ದನ್ನೂ ಪಕ್ಕಪಕ್ಕ ಇಟ್ಟು ತೂಗುವಾಗ ಹುಷಾರು. ಬೇಡಿಯವರಿಗೋ ಪ್ರಸನ್ನ ಅವರಿಗೋ ಚಂದ್ರಶೇಖರ್ ಅವರಿಗೋ ಪ್ಯಾಡಿನಲ್ಲಿ ಕಳೆದುಹೋದ ವಿಕೆಟ್‌ಗಳು ಎಷ್ಟೋ!

ದ್ರಾವಿಡ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ರಿವ್ಯೂ ಅನ್ನುವುದು ಆಟಗಾರನ ಒಳಗನ್ನು ಹೇಗೆ ಪರೀಕ್ಷಿಸುತ್ತದೆ ಅನ್ನುವುದಕ್ಕೆ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2011ರ ಇಂಗ್ಲೆಂಡ್ ಪ್ರವಾಸ. ತಂಡ ನಾಲ್ಕಕ್ಕೆ ನಾಲ್ಕೂ ಸೋತ ಸರಣಿ. ಅದರಲ್ಲಿ ದ್ರಾವಿಡ್ ಒಬ್ಬರೇ ಮೂರು ಶತಕ ಹೊಡೆದು 461 ರನ್ ಮಾಡಿದರು. ಆ ಸರಣಿಯಲ್ಲಿ ಭಾರತ ಬಾಲ್ ಟ್ರ್ಯಾಕಿಂಗ್ ಒಪ್ಪಿರಲಿಲ್ಲ, ಆದರೆ ಕೀಪರ್ ಕ್ಯಾಚಿನಂಥ ತೀರ್ಪನ್ನು ಪ್ರಶ್ನಿಸಬಹುದಿತ್ತು, ಚೆಂಡು ಬ್ಯಾಟಿಗೆ ತಾಗಿದ ಗುರುತನ್ನು ತೋರಿಸುವ ಹಾಟ್ ಸ್ಪಾಟ್ ಕ್ಯಾಮೆರಾ ಇತ್ತು. ಎಜ್‌ಬಾಸ್ಟನ್‌ನ ಎರಡನೇ ಇನಿಂಗ್ಸ್. ದ್ರಾವಿಡ್ 18 ರನ್‌ನಲ್ಲಿದ್ದರು. ಆ್ಯಂಡರ್ಸನ್ ಎಸೆತಕ್ಕೆ ಬ್ಯಾಟ್ ಬೀಸಿದರು, ಟಿಕ್ ಅಂತ ಸದ್ದಾಯಿತು, ಪ್ರಯರ್ ಚೆಂಡು ಹಿಡಿದರು, ಅಂಪೈರ್ ಟಾಫೆಲ್ ಬೆರಳೆತ್ತಿದರು. ದ್ರಾವಿಡ್ ರಿವ್ಯೂ ಕೇಳಲಿಲ್ಲ, ಪೆವಿಲಿಯನ್ ಕಡೆ ನಡೆದರು. ಆಮೇಲೆ ಮರುಪ್ರಸಾರ ನೋಡಿದರೆ ಚೆಂಡು ಬ್ಯಾಟಿಗೆ ತಾಗೇ ಇಲ್ಲ. ಬ್ಯಾಟಿಗೆ ಬಡಿದದ್ದು ಅವರ ಬೂಟಿನ ಲೇಸಿನ ತುದಿಯ ಗಟ್ಟಿ ತುಣುಕು! ಅಂಪೈರ್‌ಗೆ ಕೇಳಿಸಿದ ಸದ್ದು ನಿಜ, ಬ್ಯಾಟ್ಸ್‌ಮನ್ ಕೈಗೆ ಸಿಕ್ಕ ಸಣ್ಣ ಅದುರೂ ನಿಜ. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಆ ಕೆಲಸದಲ್ಲಿ ಜಗತ್ತಿನ ಅತ್ಯುತ್ತಮರ ಸಾಲಿನವರು. ಆದರೂ ತೀರ್ಪು ತಪ್ಪು.

ಅದೇ ಸರಣಿಯ ಕೊನೆಯ ಟೆಸ್ಟ್ ಓವಲ್‌ನಲ್ಲಿ. ಮೊದಲ ಇನಿಂಗ್ಸ್‌ನಲ್ಲಿ ಆರಂಭಿಕನಾಗಿ ಇಳಿದು ಕೊನೆಯವರೆಗೂ ಔಟಾಗದೆ 146. ಫಾಲೋ ಆನ್ ಆದ್ದರಿಂದ ಉಸಿರು ತಿರುಗಿಸಿಕೊಳ್ಳುವ ಮೊದಲೇ ಮತ್ತೆ ಇಳಿಯಬೇಕಾಯಿತು. 13 ರನ್ ಆಗಿದ್ದಾಗ ಸ್ವಾನ್ ಎಸೆತದಲ್ಲಿ ಶಾರ್ಟ್ ಲೆಗ್‌ನಲ್ಲಿ ಕುಕ್ ಹಿಡಿದರು. ಮೈದಾನದ ಅಂಪೈರ್ ನಾಟೌಟ್ ಅಂದರು, ಇಂಗ್ಲೆಂಡ್ ರಿವ್ಯೂ ಕೇಳಿತು, ತೀರ್ಪು ತಿರುಗಿತು. ಒಂದು ಕಡೆ ತಾಗದ ಚೆಂಡಿಗೆ ತಾನೇ ನಡೆದದ್ದು, ಇನ್ನೊಂದು ಕಡೆ ನಾಟೌಟ್ ಸಿಕ್ಕಿಯೂ ಯಂತ್ರದ ಮುಂದೆ ಹೋಗಿ ಔಟಾದದ್ದು, ಎರಡೂ ಒಂದೇ ತಿಂಗಳಲ್ಲಿ, ಒಬ್ಬನೇ ಆಟಗಾರನಿಗೆ. ಅವರ ಮುಖದಲ್ಲಿ ಎರಡೂ ಸಲ ಯಾವ ಬದಲಾವಣೆಯೂ ಕಾಣಲಿಲ್ಲ. 461 ರನ್‌ಗಳಷ್ಟೇ ದೊಡ್ಡ ಸಾಧನೆ ಅದು ಅಂತ ನಾನು ನಂಬುತ್ತೇನೆ.

ರಿವ್ಯೂ ಬಂದ ಮೇಲೆ ಟೆಸ್ಟ್ ಆಟಗಾರನ ಕೌಶಲದ ಪಟ್ಟಿಗೆ ಒಂದು ಹೊಸದು ಸೇರಿದೆ: ತನ್ನ ಆಸೆಯನ್ನೂ ತಾನು ಕಂಡದ್ದನ್ನೂ ಹದಿನೈದು ಸೆಕೆಂಡಿನಲ್ಲಿ ಬೇರ್ಪಡಿಸುವುದು. ಬೌಲರ್‌ಗೆ ಪ್ಯಾಡಿಗೆ ಬಿದ್ದದ್ದೆಲ್ಲ ಔಟ್ ಅನ್ನಿಸುತ್ತದೆ. ಕೀಪರ್ ಸರಿಯಾಗಿ ನೋಡಿರಬೇಕು, ನಾಯಕ ತಣ್ಣಗೆ ಯೋಚಿಸಬೇಕು. 2013ರ ಟ್ರೆಂಟ್ ಬ್ರಿಜ್‌ನಲ್ಲಿ ಇಂಗ್ಲೆಂಡಿನ ಬ್ರಾಡ್ ಬ್ಯಾಟಿಗೆ ದಪ್ಪಗೆ ತಾಗಿದ ಚೆಂಡು ಕೀಪರ್ ಗ್ಲೌಸಿಗೆ ಸವರಿ ಸ್ಲಿಪ್‌ನಲ್ಲಿ ಆಸ್ಟ್ರೇಲಿಯಾದ ಕ್ಲಾರ್ಕ್ ಕೈ ಸೇರಿತು. ಅಂಪೈರ್ ಅಲೀಂ ದಾರ್ ನಾಟೌಟ್ ಅಂದರು, ಬ್ರಾಡ್ ಕದಲಲಿಲ್ಲ. ಆಸ್ಟ್ರೇಲಿಯಾದ ಬಳಿ ರಿವ್ಯೂ ಉಳಿದಿರಲಿಲ್ಲ. ಆ ಟೆಸ್ಟ್ ಸೋತದ್ದು 14 ರನ್‌ಗಳಿಂದ. ಎಲ್ಲರೂ ಬ್ರಾಡ್‌ರನ್ನೂ ದಾರ್‌ರನ್ನೂ ಬೈದರು. ರಿವ್ಯೂಗಳನ್ನು ಮೊದಲೇ ಖಾಲಿ ಮಾಡಿಕೊಂಡದ್ದು ಯಾರು ಅನ್ನುವುದನ್ನು ಕೇಳಿದವರು ಕಡಿಮೆ.

ಆರು ವರ್ಷದ ಮೇಲೆ ಹೆಡಿಂಗ್ಲಿಯಲ್ಲಿ ಅದೇ ಪಾಠ ಇನ್ನೂ ಜೋರಾಗಿ. ಮೊದಲ ಇನಿಂಗ್ಸ್‌ನಲ್ಲಿ 67ಕ್ಕೆ ಔಟಾದ ಇಂಗ್ಲೆಂಡ್ 359 ಬೆನ್ನಟ್ಟುತ್ತಿದೆ. ಒಂಬತ್ತು ವಿಕೆಟ್ ಬಿದ್ದಿವೆ, ಸ್ಟೋಕ್ಸ್ ಮತ್ತು ಲೀಚ್ ಕ್ರೀಸಿನಲ್ಲಿ. ಕಮಿನ್ಸ್ ಎಸೆತ ಲೀಚ್ ಪ್ಯಾಡಿಗೆ ಬಡಿಯಿತು, ಬಿದ್ದದ್ದು ಲೆಗ್ ಸ್ಟಂಪಿನ ಹೊರಗೆ, ಔಟಾಗುವ ಚೆಂಡೇ ಅಲ್ಲ. ಆಸ್ಟ್ರೇಲಿಯಾ ನಾಯಕ ಪೇನ್ ಉಳಿದಿದ್ದ ಕೊನೆಯ ರಿವ್ಯೂ ಅದಕ್ಕೆ ಸುರಿದರು. ಮುಂದಿನ ಓವರ್ ಲಯನ್‌ದು. ಗೆಲುವಿಗೆ ಎರಡು ರನ್. ಲೀಚ್ ಅರ್ಧ ಪಿಚ್ ಓಡಿ ವಾಪಸ್ ತಿರುಗಿದ್ದಾರೆ, ಲಯನ್ ಕೈಯಿಂದ ಚೆಂಡು ಜಾರಿ ರನ್ ಔಟ್ ತಪ್ಪಿತು. ಅದರ ಮುಂದಿನ ಎಸೆತಕ್ಕೇ ಸ್ಟೋಕ್ಸ್ ಸ್ವೀಪ್ ಮಾಡಹೋಗಿ ತಪ್ಪಿದರು, ಚೆಂಡು ಪ್ಯಾಡಿಗೆ ಬಡಿಯಿತು. ಅಂಪೈರ್ ಜೋಯಲ್ ವಿಲ್ಸನ್ ನಾಟೌಟ್ ಅಂದರು. ಬಾಲ್ ಟ್ರ್ಯಾಕಿಂಗ್‌ನಲ್ಲಿ ಮೂರೂ ಕೆಂಪು, ಅಂದರೆ ಖಚಿತವಾಗಿ ಔಟ್. ಲಯನ್ ಪಿಚ್ ಮೇಲೆ ಬಿದ್ದುಕೊಂಡಿದ್ದರು. ಕೇಳಲು ರಿವ್ಯೂ ಇಲ್ಲ. ಸ್ಟೋಕ್ಸ್ ಅಜೇಯ 135, ಲೀಚ್ ಅಜೇಯ 1, ಒಂದು ವಿಕೆಟ್ ಗೆಲುವು. ಸ್ಟೋಕ್ಸ್ ಇನಿಂಗ್ಸ್ ಅಮರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದಿನ ಅಂಪೈರ್ ತಪ್ಪಿದ್ದಕ್ಕಿಂತ ಒಂದು ಓವರ್ ಮುಂಚೆ ನಾಯಕ ತಪ್ಪಿದ್ದು ದುಬಾರಿಯಾಯಿತು.

2017ರಲ್ಲಿ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ನಾಯಕ ಸ್ಮಿತ್ ಡ್ರೆಸ್ಸಿಂಗ್ ರೂಮ್ ಕಡೆ ನೋಡಿ ರಿವ್ಯೂ ಕೇಳಬೇಕೋ ಬೇಡವೋ ಅಂತ ಸಲಹೆ ಹುಡುಕಿದ್ದನ್ನು ಬಿಡಿಸಿ ಹೇಳಬೇಕಿಲ್ಲ, ಅದರ ಗಲಾಟೆ ನಿನಗೂ ಬಾಯಿಪಾಠ. ನನಗೆ ಆ ಟೆಸ್ಟ್ ಅಂದರೆ ಲಯನ್ 50ಕ್ಕೆ 8 ಕಿತ್ತ ಇನಿಂಗ್ಸ್‌ನಲ್ಲಿ ರಾಹುಲ್ ಒಬ್ಬರೇ ನಿಂತು ಮಾಡಿದ 90, ಎರಡನೇ ಇನಿಂಗ್ಸ್‌ನ 51, ಆಮೇಲೆ ಅಶ್ವಿನ್ 41ಕ್ಕೆ 6.

ಆ ರಾಹುಲ್‌ಗೇ ಏಳು ವರ್ಷದ ಮೇಲೆ ಪರ್ತ್‌ನಲ್ಲಿ ಆದದ್ದು ನನ್ನ ವಾದದ ಮುಖ್ಯ ಭಾಗ. 2024ರ ನವೆಂಬರ್, ಮೊದಲ ದಿನ. ಉಳಿದವರೆಲ್ಲ ತಡಕಾಡುತ್ತಿದ್ದ ಪಿಚ್‌ನಲ್ಲಿ ರಾಹುಲ್ ಬಿಡಬೇಕಾದ ಚೆಂಡನ್ನು ಬಿಟ್ಟು, ಆಡಬೇಕಾದದ್ದನ್ನು ಆಡಿ 26 ಮಾಡಿದ್ದರು. ಸ್ಟಾರ್ಕ್ ಎಸೆತ ಬ್ಯಾಟಿನ ಪಕ್ಕ ಹಾದು ಕೀಪರ್ ಕೈ ಸೇರಿತು. ಅಂಪೈರ್ ಕೆಟಲ್‌ಬರೊ ನಾಟೌಟ್ ಅಂದರು. ಆಸ್ಟ್ರೇಲಿಯಾ ರಿವ್ಯೂ. ಸ್ಟಂಪಿನ ಮೈಕಿಗೆ ಸಿಕ್ಕ ಸದ್ದನ್ನು ಗೆರೆಯಾಗಿ ತೋರಿಸುವ ಸ್ನಿಕೋದಲ್ಲಿ ಗೆರೆ ಎದ್ದಿತು. ಆದರೆ ಹೆಚ್ಚೂಕಡಿಮೆ ಅದೇ ಹೊತ್ತಿಗೆ ಬ್ಯಾಟು ಪ್ಯಾಡಿಗೂ ತಾಗುತ್ತಿತ್ತು. ಸದ್ದು ಯಾವುದರದ್ದು? ಮುಂದಿನಿಂದ ನೋಡುವ ಕೋನ ಮೂರನೇ ಅಂಪೈರ್‌ಗೆ ಸಿಗಲಿಲ್ಲ. ಇದ್ದಷ್ಟರಲ್ಲೇ ತೀರ್ಪು ತಿರುಗಿಸಿ ಔಟ್ ಕೊಟ್ಟರು. ರಾಹುಲ್ ಹೋಗುತ್ತಾ ಬ್ಯಾಟನ್ನೂ ಪ್ಯಾಡನ್ನೂ ತೋರಿಸಿ ಹೇಳುತ್ತಲೇ ಹೋದರು. ಚೆಂಡು ತಾಗಿರಲೂಬಹುದು. ಆದರೆ ತಾಗಿದೆ ಅಂತ ಖಚಿತವಾಗಿ ಹೇಳುವಷ್ಟು ಸಾಕ್ಷಿ ಅಲ್ಲಿ ಇರಲಿಲ್ಲ. ಸಾಕ್ಷಿ ಇಲ್ಲದಿದ್ದರೆ ಮೈದಾನದ ತೀರ್ಪು ನಿಲ್ಲಬೇಕು. ಅಂಪೈರ್ಸ್ ಕಾಲ್ ಹಿಂದಿರುವ ತತ್ವವೂ ಇದೇ ತಾನೇ? ಆ ಪರ್ತ್ ತೀರ್ಪಿಗೆ ನೀನೂ ನನ್ನಷ್ಟೇ ಕುದಿದಿದ್ದೆ. ಯಂತ್ರಕ್ಕೆ ಖಚಿತವಿಲ್ಲದಾಗ ಮೈದಾನದ ತೀರ್ಪು ಉಳಿಯಬೇಕು ಅಂತ ಅವತ್ತು ನೀನೇ ಅಂದದ್ದು. ಎಲ್‌ಬಿಡಬ್ಲ್ಯೂಗೆ ಬೇರೆ ನ್ಯಾಯ ಯಾಕೆ?

(ಎರಡನೇ ಇನಿಂಗ್ಸ್‌ನಲ್ಲಿ ಅದೇ ರಾಹುಲ್ 77 ಮಾಡಿ, 161 ಹೊಡೆದ ಜೈಸ್ವಾಲ್ ಜೊತೆ ಮೊದಲ ವಿಕೆಟ್‌ಗೆ 201 ಸೇರಿಸಿದರು, ಭಾರತ 295 ರನ್‌ಗಳಿಂದ ಗೆದ್ದಿತು. ಹಿಂದಿನ ತೀರ್ಪನ್ನು ತಲೆಯಲ್ಲಿ ಹೊತ್ತುಕೊಂಡು ಬಂದವರು ಹಾಗೆ ಆಡಲಾರರು.)

ಮುಂದಿನ ತಿಂಗಳು ಮೆಲ್ಬರ್ನ್‌ನಲ್ಲಿ ಜೈಸ್ವಾಲ್ 84ರಲ್ಲಿ ಔಟಾದದ್ದನ್ನು ನೀನು ಪರ್ತ್‌ನ ಜೊತೆ ಒಂದೇ ಬುಟ್ಟಿಗೆ ಹಾಕುತ್ತೀಯ. ಅದು ಬೇರೆ. ಕಮಿನ್ಸ್ ಎಸೆತಕ್ಕೆ ಹುಕ್ ಮಾಡಹೋದರು, ವಿಲ್ಸನ್ ನಾಟೌಟ್ ಅಂದರು, ಸ್ನಿಕೋ ಗೆರೆ ಚಪ್ಪಟೆಯಾಗೇ ಇತ್ತು. ಆದರೆ ಚೆಂಡು ದಿಕ್ಕು ಬದಲಿಸಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಮೂರನೇ ಅಂಪೈರ್ ಶರ್ಫುದ್ದೌಲಾ ಕಣ್ಣನ್ನು ನಂಬಿ ಔಟ್ ಕೊಟ್ಟರು. ನಮ್ಮ ತಂಡಕ್ಕೆ ನೋವಾದರೂ ಸರಿಯಾದ ತೀರ್ಪು ಅದು. ಮೈಕಿಗೆ ಸದ್ದು ಸಿಗಲಿಲ್ಲ ಅಂದ ಮಾತ್ರಕ್ಕೆ ಚೆಂಡು ತಿರುಗಿದ್ದು ಸುಳ್ಳಾಗುವುದಿಲ್ಲ. ಯಂತ್ರವನ್ನು ಓದುವುದಕ್ಕೂ ಒಬ್ಬ ಮನುಷ್ಯ ಬೇಕು, ಅವನಿಗೆ ವಿವೇಚನೆ ಬೇಕು, ಅಷ್ಟು ದೊಡ್ಡ ಜನಸ್ತೋಮದ ಎದುರು ಅದನ್ನು ಹೇಳುವ ಎದೆಗಾರಿಕೆಯೂ ಬೇಕು.

ಅಂಪೈರ್‌ಗಳ ಬಗ್ಗೆ ನಾವು ಅವರು ತಪ್ಪಿದಾಗ ಮಾತ್ರ ಮಾತಾಡುತ್ತೇವೆ. ಕುಮಾರ ಧರ್ಮಸೇನ ಎರಡು ಸಲ ಐಸಿಸಿಯ ವರ್ಷದ ಅಂಪೈರ್ ಆದವರು. ಅವರಿಗೂ 2016ರ ಚಿತ್ತಗಾಂಗ್ ಟೆಸ್ಟ್‌ನಂಥದ್ದು ಬಂತು. ಬಾಂಗ್ಲಾ–ಇಂಗ್ಲೆಂಡ್ ಪಂದ್ಯ, ಚೆಂಡು ಬುಗುರಿಯ ಹಾಗೆ ತಿರುಗುವ ಪಿಚ್, ಒಂದೇ ಟೆಸ್ಟ್‌ನಲ್ಲಿ 26 ರಿವ್ಯೂ. ಮೊಯೀನ್ ಅಲಿ ಒಂದೇ ಇನಿಂಗ್ಸ್‌ನಲ್ಲಿ ಐದು ರಿವ್ಯೂ ದಾಟಿ 68 ಮಾಡಿದರು, ಇಂಗ್ಲೆಂಡ್ ಗೆದ್ದದ್ದು 22 ರನ್‌ಗಳಿಂದ. ಕೊಟ್ಟ ತೀರ್ಪು ದೊಡ್ಡ ಪರದೆಯ ಮೇಲೆ ತಪ್ಪು ಅಂತ ಕಂಡಾಗ, ಎದೆಯ ಮುಂದೆ ಕೈಗಳನ್ನು ಅಡ್ಡ ಹಿಡಿದು ತಾನೇ ತನ್ನ ಮಾತು ಹಿಂತೆಗೆದುಕೊಂಡು, ಮುಂದಿನ ಚೆಂಡಿಗೆ ಮತ್ತೆ ಬಾಗಿ ನಿಲ್ಲುವುದು. ಅದಕ್ಕೆ ಎಂಥ ಗಟ್ಟಿತನ ಬೇಕು ಯೋಚಿಸು.

1999ರ ದೆಹಲಿಯಲ್ಲಿ ಕುಂಬ್ಳೆ ಹತ್ತಕ್ಕೆ ಹತ್ತು ಕಿತ್ತಾಗ ಆ ತುದಿಯಲ್ಲಿ ನಿಂತಿದ್ದ ಅಂಪೈರ್ ನಮ್ಮ ಕರ್ನಾಟಕದವರೇ, ಎ.ವಿ. ಜಯಪ್ರಕಾಶ್. ಪಾಕಿಸ್ತಾನ ವಿಕೆಟ್ ನಷ್ಟವಿಲ್ಲದೆ 101 ಮಾಡಿತ್ತು. ಮೊದಲನೆಯದು ಅಫ್ರಿದಿ, ಕೀಪರ್ ಕ್ಯಾಚ್, ಅವರು ಒಲ್ಲದ ಮನಸ್ಸಿನಿಂದಲೇ ಹೋದರು. ಹತ್ತರಲ್ಲಿ ಮೂರು ಎಲ್‌ಬಿಡಬ್ಲ್ಯೂ. ರಿವ್ಯೂ ಇಲ್ಲ, ಹತ್ತಿರ ಕೂತ ಫೀಲ್ಡರ್‌ಗಳು ಪ್ರತಿ ಚೆಂಡಿಗೂ ಕೂಗುತ್ತಿದ್ದರು, ಕ್ರೀಡಾಂಗಣ ಗದ್ದಲದಲ್ಲಿ ಮುಳುಗಿತ್ತು. ಆ ದಿನವನ್ನು ಇವತ್ತಿನ ಯಂತ್ರದ ಮುಂದೆ ಇಟ್ಟು ನೋಡುವ ಆಸೆ ನನಗಿಲ್ಲ. 74 ರನ್‌ಗೆ 10 ಅಂತ ಬರೆದಾಗಿದೆ.

ನನಗೆ ಬೇಕಾದ ತಿದ್ದುಪಡಿ ಬೇರೆ. ಪ್ರತಿ ಟೆಸ್ಟ್‌ಗೂ, ಯಾವ ದೇಶದಲ್ಲೇ ಆಗಲಿ, ಒಂದೇ ದರ್ಜೆಯ ಕ್ಯಾಮೆರಾ, ಒಂದೇ ದರ್ಜೆಯ ಮೈಕು ಇರಬೇಕು. ಶ್ರೀಮಂತ ಮಂಡಳಿಯ ಸರಣಿಗೆ ಒಂದು, ಬಡ ಮಂಡಳಿಯ ಸರಣಿಗೆ ಇನ್ನೊಂದು ಆಗಬಾರದು, ಖರ್ಚನ್ನು ಐಸಿಸಿಯೇ ಹೊರಬೇಕು. ಮೂರನೇ ಅಂಪೈರ್‌ಗೆ ಬೇಕಾದ ಕೋನ ಸಿಗುವವರೆಗೆ ತೀರ್ಪು ತಿರುಗಿಸಕೂಡದು. ಇನ್ನೊಂದು, ಬಾಲ್ ಟ್ರ್ಯಾಕಿಂಗ್ ಚಿತ್ರದಲ್ಲಿ ಪ್ಯಾಡಿನಿಂದಾಚೆಯ ಗೆರೆಯನ್ನು ಚೂಪಾಗಿ ತೋರಿಸುವುದನ್ನು ಬಿಟ್ಟು, ಅನುಮಾನ ಎಷ್ಟಿದೆಯೋ ಅಷ್ಟು ಅಗಲದ ಪಟ್ಟಿಯಾಗಿ ತೋರಿಸಬೇಕು. ಆಗ ಅಂಚು ಸವರಿತು ಅನ್ನುವಾಗ ಆ ಪಟ್ಟಿಯ ಅರ್ಧ ಹೊರಗೂ ಇರುವುದು ನೋಡುವವರಿಗೆ ಕಾಣುತ್ತದೆ, ನಿನ್ನ ಸಿಟ್ಟೂ ಅರ್ಧ ಇಳಿಯುತ್ತದೆ.

ಒಂದು ಪ್ರಶ್ನೆಗೆ ಮಾತ್ರ ತಪ್ಪದೆ ಉತ್ತರ ಬರೆ. ಮುಂಗಾಲಿನ ಪ್ಯಾಡಿನಲ್ಲಿ ತಡೆಯುವ ಆಟ ಹೋದ ಮೇಲೇ ಸ್ಪಿನ್ ಪಿಚ್‌ನ ಟೆಸ್ಟ್‌ಗಳು ಎಷ್ಟು ಬೇಗ ಮುಗಿಯುತ್ತಿವೆ ಅಂತ ನೋಡುತ್ತಿದ್ದೀಯ. ನೀನು ಹೇಳಿದ ಹಾಗೆ ಬೇಲ್ ಸವರಿದ್ದಕ್ಕೂ, ಲೆಗ್ ಸ್ಟಂಪಿನ ಅಂಚು ಮುಟ್ಟಿದ್ದಕ್ಕೂ ಎಲ್ಲ ಔಟ್ ಅಂತಾದರೆ, ನಾಲ್ಕನೇ ದಿನ ಬಿರುಕು ಬಿಟ್ಟ ಪಿಚ್ ಮೇಲೆ ದ್ರಾವಿಡ್ ಥರದ ಬ್ಯಾಟ್ಸ್‌ಮನ್ ಒಬ್ಬ ಆರು ಗಂಟೆ ನಿಂತು ಟೆಸ್ಟ್ ಉಳಿಸುವುದು ಹೇಗೆ?

ನಿನ್ನ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ನಿನ್ನ
ಗೆಳೆಯ